ಊರಿಗೆ ಬಂದ ಸೈನಿಕನಿಗೆ ಸಿಕ್ಕ ಗುಮಾಸ್ತ: ತುಮಕೂರಿನ ಒಂದು ಸೇವಾ ಕೊಠಡಿಯ ಬಗ್ಗೆ

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ಹೊರಳುವ ಅಡ್ಡರಸ್ತೆಯೊಂದರಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಹತ್ತಡಿಗೆ ಹನ್ನೆರಡಡಿ ಅಳತೆಯ ಒಂದು ಕೊಠಡಿಯಿದೆ. ಬೋರ್ಡಿನಲ್ಲಿ ಅಂಗಡಿಯ ಹೆಸರಿಲ್ಲ. ‘ಜೆರಾಕ್ಸ್, ಲ್ಯಾಮಿನೇಷನ್, ಮಾಜಿ ಸೈನಿಕರ ಪಿಂಚಣಿ ಕೆಲಸಗಳನ್ನು ಮಾಡಿಕೊಡಲಾಗುವುದು’ ಎಂದು ನೀಲಿ ಅಕ್ಷರಗಳಲ್ಲಿ ಬರೆದಿದೆ, ಅಷ್ಟೇ. ಸೈನ್ಯದಲ್ಲಿ ಗುಮಾಸ್ತರಾಗಿ ದುಡಿದು ಸುಬೇದಾರ್ ಹುದ್ದೆಯಲ್ಲಿ ನಿವೃತ್ತರಾದ ಹಿರಿಯರೊಬ್ಬರು ತಮ್ಮ ಪತ್ನಿಯ ಜೊತೆಗೂಡಿ ಇದನ್ನು ನಡೆಸುತ್ತಾರೆ. ಕಳೆದ ಒಂದೂವರೆ ವರ್ಷದಲ್ಲಿ ನಾನು ಅಲ್ಲಿಗೆ ಆರು ಸಲ ಹೋಗಿದ್ದೇನೆ: ನಾಲ್ಕು ಸಲ ನನ್ನ ಅಣ್ಣನ ಕೆಲಸಕ್ಕೆ, ಎರಡು ಸಲ ನಮ್ಮೂರಿನ ಬೇರೆಯವರ ಕೆಲಸಕ್ಕೆ. ಸೈನ್ಯದಿಂದ ಮರಳಿದವರು, ಅವರ ಮನೆಯ ಹೆಂಗಸರು, ಅವರಿಗಾಗಿ ಓಡಾಡುವ ನನ್ನಂಥವರು ಈ ಜಿಲ್ಲೆಯಲ್ಲಿ ಸಾಕಷ್ಟು ಜನ ಇರುವುದರಿಂದ, ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ವಿವರವಾಗಿ ಬರೆಯಬೇಕೆನಿಸಿತು.

ಅಣ್ಣ 2006ರಲ್ಲಿ ಸೈನ್ಯದ ಎಂಜಿನಿಯರಿಂಗ್ ಪಡೆಯಾದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿ, 17 ವರ್ಷಗಳ ಸೇವೆ ಮುಗಿಸಿ, 2023ರಲ್ಲಿ ನಾಯಕ್ ಹುದ್ದೆಯಿಂದ ಬಿಡುಗಡೆ ಪಡೆದು ಗುಬ್ಬಿ ತಾಲ್ಲೂಕಿನ ನಮ್ಮೂರಿಗೆ ಬಂದ. ಬೆಂಗಳೂರಿನ ಹಲಸೂರು ಕೆರೆಯ ಬಳಿಯಿರುವ ಆ ಪಡೆಯ ಕೇಂದ್ರದಲ್ಲಿ ತಯಾರಾದವರನ್ನು ಸೈನ್ಯದಲ್ಲೆಲ್ಲ ‘ಥಂಬಿ’ ಎಂದು ಕರೆಯುವುದು ರೂಢಿ. ಅಣ್ಣನಿಗೂ ಆ ಹೆಸರಿನ ಬಗ್ಗೆ ಬಹಳ ಅಭಿಮಾನ. ಬಂದ ದಿನ ಊರಬಾಗಿಲಲ್ಲಿ ಹಾರ ಹಾಕಿ, ತಮಟೆ ಬಡಿಸಿ, ತೆರೆದ ಜೀಪಿನಲ್ಲಿ ಕೂರಿಸಿ ಮೆರವಣಿಗೆ ಮಾಡಿದರು. ಆ ಮೆರವಣಿಗೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹದಿನೇಳು ವರ್ಷ ಫೋನಿನ ಗಂಟೆಗೆ ಬೆಚ್ಚಿಬೀಳುತ್ತಿದ್ದ ನಮ್ಮಮ್ಮ ಅಂದು ಆರತಿ ತಟ್ಟೆ ಹಿಡಿದು ನಿಂತ ಚಿತ್ರ ನಮ್ಮ ಮನೆಯ ಗೋಡೆಯ ಮೇಲಿದೆ. ಆದರೆ ಹಾರದ ಹೂವು ಬಾಡಿದ ಮೂರನೆಯ ವಾರದಿಂದ ಅವನನ್ನು ಕಾಡಿದ್ದು ಕಾಗದ ಪತ್ರಗಳು: ಡಿಸ್ಚಾರ್ಜ್ ಬುಕ್, ಪಿಂಚಣಿ ಪಾವತಿ ಆದೇಶ, ಮಾಜಿ ಸೈನಿಕರ ಗುರುತಿನ ಚೀಟಿ, ಆಸ್ಪತ್ರೆಯ ಕಾರ್ಡು, ಕ್ಯಾಂಟೀನ್ ಕಾರ್ಡು, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ. ಬುಲ್ಡೋಜರ್ ಓಡಿಸಿ ಬೆಟ್ಟ ಕಡಿದು ರಸ್ತೆ ಮಾಡಿದವನು ಒಂದು ಅರ್ಜಿ ನಮೂನೆಯ ಮುಂದೆ ಪೆನ್ನು ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದ.

ಇದಕ್ಕೆ ಕಾರಣ ಅವನ ಓದಿನ ಕೊರತೆಯಲ್ಲ ಎಂದು ನನಗೆ ಹೊಳೆದದ್ದು ಈ ಕೊಠಡಿಗೆ ಹೋದ ಮೇಲೆ. ಸೈನ್ಯದ ಪ್ರತಿ ಕಂಪನಿಯಲ್ಲೂ ಒಬ್ಬ ಗುಮಾಸ್ತ ಇರುತ್ತಾನೆ. ಸೈನಿಕನ ರಜೆ, ಸಂಬಳ, ಮದುವೆ, ಮಗುವಿನ ಜನನ, ನಾಮನಿರ್ದೇಶನ, ವಿಮೆ ಎಲ್ಲವೂ ಆ ಗುಮಾಸ್ತನ ಕೈಯಲ್ಲಿ ದಾಖಲಾಗುತ್ತವೆ. ಸೈನಿಕ ತೋರಿಸಿದ ಕಡೆ ಸಹಿ ಮಾಡುತ್ತಾನೆ. ಅದು ವ್ಯವಸ್ಥೆಯೇ ಹೊರತು ಅವನ ಸೋಮಾರಿತನವಲ್ಲ, ಏಕೆಂದರೆ ಅವನ ಗಮನ ಬೇರೆ ಕಡೆ ಇರಬೇಕಾಗುತ್ತದೆ. ಬಿಡುಗಡೆಯಾದ ದಿನದಿಂದ ಆ ಗುಮಾಸ್ತ ಇಲ್ಲ. ಮೂವತ್ತೇಳು, ಮೂವತ್ತೆಂಟರ ವಯಸ್ಸಿನಲ್ಲಿ, ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುವಾಗ, ತನ್ನ ಇಡೀ ಬದುಕಿನ ಲೆಕ್ಕವನ್ನು ಮೊದಲ ಬಾರಿಗೆ ತಾನೇ ಓದಬೇಕಾದ ಸ್ಥಿತಿ ಅವನಿಗೆ ಎದುರಾಗುತ್ತದೆ. ತುಮಕೂರಿನ ಈ ಮಹಡಿಯ ಕೊಠಡಿ ಮಾಡುತ್ತಿರುವುದು ಕಾಣೆಯಾದ ಆ ಗುಮಾಸ್ತನನ್ನು ಊರಿನಲ್ಲಿ ಮತ್ತೆ ಒದಗಿಸುವ ಕೆಲಸ. ನನ್ನ ಅಭಿಪ್ರಾಯದಲ್ಲಿ ಇದರ ಬೆಲೆಯಿರುವುದು ಅಲ್ಲಿಯೇ.

ನಾವು ಅಲ್ಲಿಗೆ ಮೊದಲು ಹೋದದ್ದು ಒಂದು ಎಡವಟ್ಟಿನಿಂದ. ರಕ್ಷಣಾ ಪಿಂಚಣಿಯೆಲ್ಲ ಈಗ ‘ಸ್ಪರ್ಶ್’ ಎಂಬ ವ್ಯವಸ್ಥೆಯ ಮೂಲಕ ಬರುತ್ತದೆ. ಮೊದಲು ಬ್ಯಾಂಕುಗಳೇ ಲೆಕ್ಕ ಹಾಕಿ ಪಿಂಚಣಿ ಕೊಡುತ್ತಿದ್ದವು; ಈಗ ಪ್ರಯಾಗ್‌ರಾಜಿನ ರಕ್ಷಣಾ ಲೆಕ್ಕಪತ್ರ ಕಚೇರಿಯೇ (ಪಿ.ಸಿ.ಡಿ.ಎ. ಪೆನ್ಷನ್ಸ್) ಲೆಕ್ಕ ಹಾಕಿ ನೇರವಾಗಿ ಖಾತೆಗೆ ಜಮಾ ಮಾಡುತ್ತದೆ, ಬ್ಯಾಂಕು ಬರಿಯ ಖಾತೆ ಮಾತ್ರ. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಪಿಂಚಣಿದಾರ ದೃಢೀಕರಿಸಬೇಕು. ಅದನ್ನು ‘ಜೀವನ್ ಪ್ರಮಾಣ್’ ಮೂಲಕ ಬೆರಳಚ್ಚು ಕೊಟ್ಟು ಅಥವಾ ಮೊಬೈಲಿನಲ್ಲಿ ಮುಖ ತೋರಿಸಿ ಮಾಡಬಹುದು. ಅಣ್ಣ ನಮ್ಮ ಹೋಬಳಿಯ ಒಂದು ಆನ್‌ಲೈನ್ ಸೇವೆಯ ಅಂಗಡಿಯಲ್ಲಿ ಇದನ್ನು ಮಾಡಿಸಿಕೊಂಡು, ರಸೀದಿ ಮಡಚಿ ಜೇಬಿನಲ್ಲಿಟ್ಟುಕೊಂಡು, ಕೆಲಸ ಮುಗಿಯಿತೆಂದು ನೆಮ್ಮದಿಯಿಂದ ಬಂದಿದ್ದ. ಕೆಲವು ತಿಂಗಳ ನಂತರ ಪಿಂಚಣಿ ನಿಂತುಹೋಯಿತು. ಬ್ಯಾಂಕಿನಲ್ಲಿ ಕೇಳಿದರೆ ನಮಗೆ ಸಂಬಂಧವಿಲ್ಲ ಎಂದರು. ಅಂಗಡಿಯವನು ರಸೀದಿ ಸರಿಯಾಗಿದೆ ಎಂದ. ಎರಡೂ ಮಾತು ನಿಜವೇ ಆಗಿತ್ತು. ಮನೆಯ ಸಾಲದ ಕಂತು ತಪ್ಪಿತು, ಮಗಳ ಶಾಲೆಯ ಶುಲ್ಕಕ್ಕೆ ಅತ್ತಿಗೆ ಬಳೆ ಅಡವಿಟ್ಟರು.

ಅಣ್ಣನ ಹಳೆಯ ಒಡನಾಡಿಯೊಬ್ಬರ ಮಾತಿನಂತೆ ನಾವು ತುಮಕೂರಿಗೆ ಬಂದು ಈ ಮಹಡಿ ಹತ್ತಿದೆವು. ಸುಬೇದಾರ್ ಸಾಹೇಬರು ಆ ರಸೀದಿಯನ್ನು ಎರಡು ನಿಮಿಷ ಓದಿ, ಕನ್ನಡಕ ತೆಗೆದು, ಒಂದು ಸಾಲಿನ ಮೇಲೆ ಬೆರಳಿಟ್ಟರು. ಪಿಂಚಣಿ ವಿತರಿಸುವ ಸಂಸ್ಥೆ ಎಂಬಲ್ಲಿ ಸ್ಪರ್ಶ್ ಎಂದು ಆರಿಸುವ ಬದಲು ಅಣ್ಣನ ಖಾತೆಯಿರುವ ಬ್ಯಾಂಕನ್ನು ಆರಿಸಲಾಗಿತ್ತು. ಪ್ರಮಾಣಪತ್ರ ಸೃಷ್ಟಿಯಾಗಿತ್ತು, ಆದರೆ ಹೋಗಬೇಕಾದ ಕಡೆಗೆ ಹೋಗದೆ ಬೇರೆ ಕಡೆಗೆ ಹೋಗಿತ್ತು. ‘ಮಂಜೂರು ಮಾಡುವ ಅಧಿಕಾರ ಎಂಬಲ್ಲಿ ರಕ್ಷಣಾ ಇಲಾಖೆಯ ಪಿ.ಸಿ.ಡಿ.ಎ. ಪೆನ್ಷನ್ಸ್, ವಿತರಿಸುವ ಸಂಸ್ಥೆ ಎಂಬಲ್ಲಿ ಸ್ಪರ್ಶ್, ಇವೆರಡನ್ನು ಬಾಯಿಪಾಠ ಮಾಡಿಕೊ ತಮ್ಮಾ, ನಿನ್ನ ರೈಫಲ್ ನಂಬರಿನ ಹಾಗೆ’ ಎಂದು ಹೇಳಿ, ಅಣ್ಣನ ಕೈಯಿಂದಲೇ ಮತ್ತೊಮ್ಮೆ ಎಲ್ಲವನ್ನೂ ಭರ್ತಿ ಮಾಡಿಸಿದರು. ಕೀಲಿಮಣೆಯನ್ನು ತಾವು ಮುಟ್ಟಲಿಲ್ಲ. ಇಪ್ಪತ್ತು ನಿಮಿಷ ಹಿಡಿಯಿತು. ಅವರೇ ಮಾಡಿದ್ದರೆ ಮೂರು ನಿಮಿಷದ ಕೆಲಸ. ಬೆಂಚಿನ ಮೇಲೆ ಇನ್ನೂ ನಾಲ್ವರು ಕಾಯುತ್ತಿದ್ದರು, ಯಾರೂ ಗೊಣಗಲಿಲ್ಲ, ಏಕೆಂದರೆ ತಮ್ಮ ಸರದಿ ಬಂದಾಗ ತಮಗೂ ಅಷ್ಟೇ ಸಮಯ ಸಿಗುತ್ತದೆಂದು ಅವರಿಗೆ ಗೊತ್ತಿತ್ತು. ಮುಂದಿನ ಪಾವತಿಯ ವೇಳೆಗೆ ನಿಂತಿದ್ದ ಪಿಂಚಣಿ ಬಾಕಿಯ ಸಮೇತ ಖಾತೆಗೆ ಬಂತು.

ಅದೇ ದಿನ ಇನ್ನೊಂದು ಅನುಮಾನವೂ ಬಗೆಹರಿಯಿತು. ತನಗೆ ಬರುವ ಪಿಂಚಣಿ ಜೊತೆಗಾರರು ಹೇಳಿದ ಮೊತ್ತಕ್ಕಿಂತ ಕಡಿಮೆಯೆಂದು ಅಣ್ಣ ಒಂದು ವರ್ಷದಿಂದ ಒಳಗೊಳಗೇ ಕೊರಗುತ್ತಿದ್ದ. ಯಾರೋ ಏಜೆಂಟು ‘ಒಂದು ಹುದ್ದೆ ಒಂದು ಪಿಂಚಣಿ’ಯ (ಯಾವಾಗ ನಿವೃತ್ತರಾದರೂ ಒಂದೇ ಹುದ್ದೆ, ಒಂದೇ ಸೇವಾವಧಿಗೆ ಒಂದೇ ಪಿಂಚಣಿ ಎಂಬ ನಿಯಮ) ಬಾಕಿ ಕೊಡಿಸುತ್ತೇನೆಂದು ಕಮಿಷನ್ ಕೇಳಿದ್ದ. ಸುಬೇದಾರರು ಜೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು. ಸೈನಿಕರು ಪಿಂಚಣಿಯ ಶೇಕಡ 50ರವರೆಗೆ ಮುಂಗಡವಾಗಿ ಒಟ್ಟು ಮೊತ್ತವಾಗಿ ಪಡೆಯಬಹುದು, ಅದನ್ನು ಕಮ್ಯುಟೇಷನ್ ಎನ್ನುತ್ತಾರೆ. ಅಣ್ಣ ಅಷ್ಟನ್ನೂ ಪಡೆದು ಮನೆ ಕಟ್ಟಲು ಹಾಕಿದ್ದ. ಆ ಭಾಗ 15 ವರ್ಷ ಕಡಿತವಾಗಿ ನಂತರ ಮರುಸ್ಥಾಪನೆಯಾಗುತ್ತದೆ. ತುಟ್ಟಿಭತ್ಯೆ ಮಾತ್ರ ಕಡಿತಕ್ಕೆ ಮೊದಲಿನ ಮೂಲ ಪಿಂಚಣಿಯ ಮೇಲೆಯೇ ಸಿಗುತ್ತದೆ. ಒಂದು ಹುದ್ದೆ ಒಂದು ಪಿಂಚಣಿಯ ಆದೇಶ ಹೊರಬಿದ್ದದ್ದು 2015ರ ನವೆಂಬರ್ 7ರಂದು, ಜಾರಿಗೆ ಬಂದದ್ದು 2014ರ ಜುಲೈ 1ರಿಂದ, ಅನಂತರ ಐದೈದು ವರ್ಷಕ್ಕೊಮ್ಮೆ ಪರಿಷ್ಕರಣೆ. ಅದಕ್ಕೆ ಪಿಂಚಣಿದಾರ ಯಾರಿಗೂ ಕಮಿಷನ್ ಕೊಡಬೇಕಾಗಿಲ್ಲ. ಅಣ್ಣ ಆ ಹಾಳೆಯನ್ನು ಇಂದಿಗೂ ಡಿಸ್ಚಾರ್ಜ್ ಬುಕ್ಕಿನೊಳಗೆ ಇಟ್ಟುಕೊಂಡಿದ್ದಾನೆ. ತನಗೆ ಮೋಸವಾಗಿಲ್ಲ ಎಂದು ತಿಳಿದ ದಿನ ಅವನ ಮುಖದಲ್ಲಿ ಕಂಡ ಬಿಡುಗಡೆಯನ್ನು ನಾನು ಮೆರವಣಿಗೆಯ ದಿನವೂ ಕಂಡಿರಲಿಲ್ಲ.

ಆಸ್ಪತ್ರೆಯ ವಿಷಯದಲ್ಲಿ ಅವರ ತಿಳಿವಳಿಕೆ ಇನ್ನೂ ಹೆಚ್ಚಿನದು. ಮಾಜಿ ಸೈನಿಕರ ಕೊಡುಗೆ ಸಹಿತ ಆರೋಗ್ಯ ಯೋಜನೆ, ಎಲ್ಲರೂ ಇ.ಸಿ.ಎಚ್.ಎಸ್. ಎಂದು ಕರೆಯುವುದು, 2003ರ ಏಪ್ರಿಲ್ 1ರಿಂದ ನಡೆದುಬಂದಿದೆ. ಹವಾಲ್ದಾರ್‌ವರೆಗಿನ ಹುದ್ದೆಯವರು ಒಂದೇ ಸಲ 30,000 ರೂಪಾಯಿ ಕಟ್ಟಿ ಸದಸ್ಯರಾದರೆ, ತನಗೂ ಹೆಂಡತಿಗೂ ಜೀವನಪೂರ್ತಿ ಚಿಕಿತ್ಸೆ ಸಿಗುತ್ತದೆ. ಅವಲಂಬಿತ ಮಕ್ಕಳೂ ತಂದೆ ತಾಯಿಯೂ ನಿಯಮಕ್ಕೆ ಒಳಪಟ್ಟು ಸೇರಬಹುದು. ಮೊದಲು ಆ ಯೋಜನೆಯದೇ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್‌ನಲ್ಲಿ ತೋರಿಸಿ, ಅಲ್ಲಿಂದ ಶಿಫಾರಸು ಪತ್ರ ಪಡೆದು, ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋಗಬೇಕು. ತುರ್ತು ಸಂದರ್ಭದಲ್ಲಿ ನೇರವಾಗಿ ಹತ್ತಿರದ ಆಸ್ಪತ್ರೆಗೆ ಹೋಗಬಹುದು, ಆದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ವಿಷಯ ಮುಟ್ಟಬೇಕು. ಎಡವಟ್ಟಾಗುವುದು ಈ ಕೊನೆಯ ಅಂಶದಲ್ಲಿಯೇ. ನಡುರಾತ್ರಿ ಎದೆನೋವಿನಿಂದ ಗಂಡನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋಗುವ ಹೆಂಗಸಿಗೆ 48 ಗಂಟೆಯ ಲೆಕ್ಕ ಎಲ್ಲಿ ನೆನಪಿರುತ್ತದೆ? ಆದ್ದರಿಂದ ಈ ಕೊಠಡಿಯಲ್ಲಿ ಕಾರ್ಡಿನ ಅಳತೆಯ ಒಂದು ಚೀಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಲ್ಯಾಮಿನೇಷನ್ ಮಾಡಿ ಕೊಡುತ್ತಾರೆ: ಯಾರಿಗೆ ತಿಳಿಸಬೇಕು, ಯಾವ ಸಂಖ್ಯೆಗೆ, ಯಾವ ಕಾಗದ ಇಟ್ಟುಕೊಳ್ಳಬೇಕು. ಅದನ್ನು ಗಂಡಸಿನ ಪರ್ಸಿನಲ್ಲಲ್ಲ, ಮನೆಯಾಕೆಯ ಕೈಗೆ ಸಿಗುವ ಕಡೆ, ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಎಂದು ಹೇಳುತ್ತಾರೆ. ನಮ್ಮ ಅತ್ತಿಗೆ ಹಾಗೆಯೇ ಸಿಕ್ಕಿಸಿದ್ದಾರೆ.

ನಾನು ಕಂಡ ಎಲ್ಲಕ್ಕಿಂತ ದೊಡ್ಡ ಕೆಲಸ ನಡೆದದ್ದು ನನ್ನ ಐದನೆಯ ಭೇಟಿಯಲ್ಲಿ. ಆ ಕೆಲಸಕ್ಕಾಗಿ ಬಂದವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ, ಹೆಸರು ಬೇಡವೆಂದಿದ್ದಾರೆ. ನಮ್ಮೂರಿನ ಹಿರಿಯ ಹೆಂಗಸು, ಗಂಡ ತೀರಿಕೊಂಡು ಐದು ತಿಂಗಳಾಗಿತ್ತು, ಕುಟುಂಬ ಪಿಂಚಣಿ ಶುರುವಾಗಿರಲಿಲ್ಲ. ಕಾಗದಗಳಲ್ಲಿ ಯಾವುದು ಬೇಕು ಯಾವುದು ಬೇಡ ಎಂದು ತಿಳಿಯದೆ, ಬಿಳಿಯ ಬಣ್ಣದಲ್ಲಿ ಗಂಡನ ಸೈನ್ಯದ ಸಂಖ್ಯೆ ಬರೆದಿದ್ದ ಕಪ್ಪು ತಗಡಿನ ಟ್ರಂಕನ್ನೇ ಬಸ್ಸಿನಲ್ಲಿ ಹೊತ್ತು ತಂದಿದ್ದರು. ಅದನ್ನು ಮಹಡಿಗೆ ನಾನೂ ಕೆಳಗಿನ ಅಂಗಡಿಯ ಹುಡುಗನೂ ಸೇರಿ ಹತ್ತಿಸಿದೆವು. ಸುಬೇದಾರರು ಎದ್ದು, ಮೂಲೆಯ ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಂಡು ಬಂದು ಟ್ರಂಕಿನ ಚಿಲಕ ತೆಗೆದರು. ನುಸಿಗುಳಿಗೆಯ ವಾಸನೆಯ ನಡುವೆ ಒಂದು ಉಣ್ಣೆಯ ಬನಿಯನ್ನು, ಒಂದು ಸ್ಟೀಲಿನ ಮಗ್ಗು, ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಡಿಸ್ಚಾರ್ಜ್ ಬುಕ್.

ತೊಡಕು ಇದ್ದದ್ದು ಹೆಸರಿನಲ್ಲಿ. ಸೈನ್ಯದ ದಾಖಲೆಯಲ್ಲಿ ಹೆಂಡತಿಯ ಹೆಸರು ಲಕ್ಷ್ಮಮ್ಮ ಎಂಬಂತೆ ಚಿಕ್ಕದಾಗಿದ್ದರೆ, ಆಧಾರ್ ಕಾರ್ಡಿನಲ್ಲಿ ಲಕ್ಷ್ಮೀದೇವಮ್ಮ ಎಂಬಂತೆ ಉದ್ದವಾಗಿತ್ತು. ಹುಟ್ಟಿದ ದಿನಾಂಕವೂ ಎರಡು ಕಡೆ ಎರಡು ರೀತಿ. ನಮ್ಮ ಕಡೆಯ ಹೆಸರುಗಳಿಗೆ ಇದು ತೀರಾ ಸಾಮಾನ್ಯವಾದ ಕಷ್ಟ. ರಂಗಣ್ಣ, ರಂಗಯ್ಯ, ರಂಗಪ್ಪ ಎಂದು ಒಬ್ಬರನ್ನೇ ಊರು ಮೂರು ರೀತಿ ಕರೆಯುತ್ತದೆ, ಊರಿನ ಹೆಸರಿನ ಇನಿಷಿಯಲ್ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ, ಕನ್ನಡ ಬಾರದ ಬರೆಯುವವರ ಕೈಯಲ್ಲಿ ಹನುಮಂತರಾಯಪ್ಪ ಎಂಬ ಒಂದು ಹೆಸರು ಎರಡಾಗಿ ಒಡೆದುಹೋಗುತ್ತದೆ. ಐವತ್ತು ವರ್ಷಗಳ ಹಿಂದೆ ಯಾವುದೋ ಗುಡಾರದಲ್ಲಿ ಕೂತು ಒಬ್ಬ ಗುಮಾಸ್ತ ಬರೆದ ಒಂದು ಅಕ್ಷರ ಇಂದು ಒಬ್ಬ ಹೆಂಗಸಿನ ಊಟವನ್ನು ತಡೆಹಿಡಿಯುತ್ತದೆ. ನೋಟರಿ ಮಾಡಿಸಿದ ಅಫಿಡವಿಟ್ಟು, ಎರಡೂ ಹೆಸರು ಒಬ್ಬರದೇ ಎಂಬುದಕ್ಕೆ ಆಧಾರಗಳು, ಮರಣ ಪ್ರಮಾಣಪತ್ರ, ಬ್ಯಾಂಕಿನ ವಿವರ, ಇವನ್ನೆಲ್ಲ ಒಂದೊಂದಾಗಿ ಜೋಡಿಸಿ, ಗಂಡ ಇದ್ದ ಪಡೆಯ ದಾಖಲೆ ಕಚೇರಿಗೆ ಪತ್ರ ಬರೆದು, ಅದರಲ್ಲಿ ಬರೆದದ್ದನ್ನು ಆಕೆಗೆ ಕನ್ನಡದಲ್ಲಿ ಓದಿ ಹೇಳಿದರು.

ಅದರ ನಡುವೆ ಅವರು ಡಿಸ್ಚಾರ್ಜ್ ಬುಕ್ಕಿನ ಪದಕಗಳ ಪುಟದಲ್ಲಿ ನಿಂತರು. ಅಲ್ಲಿ ಪೂರ್ವಿ ಸ್ಟಾರ್ ಎಂದಿತ್ತು. ‘ಅಮ್ಮ, ಯಜಮಾನರು ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಕಡೆ ಇದ್ದರು. ಈಗ ಬಾಂಗ್ಲಾದೇಶ ಅಂತೀವಲ್ಲ, ಆ ಯುದ್ಧ. ನಿಮಗೆ ಗೊತ್ತೇ?’ ಎಂದು ಕೇಳಿದರು. ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ‘ನಮ್ಮೆಜಮಾನ್ರು ಅದ್ನ ಯಾವತ್ತೂ ಹೇಳ್ಲಿಲ್ಲ ಸ್ವಾಮಿ. ದೂರ ಇದ್ದೆ ಅಂತಿದ್ರು, ಅಷ್ಟೇಯ’ ಎಂದರು. ಸುಬೇದಾರರು ಸೇವೆಯ ವಿವರಗಳನ್ನು ಮೊದಲಿನಿಂದ ಕೊನೆಯವರೆಗೆ, ಯಾವ ವರ್ಷ ಎಲ್ಲಿ, ಯಾವ ತರಬೇತಿ, ಯಾವ ಪದಕ ಎಂದು ನಿಧಾನವಾಗಿ ಓದಿದರು. ಬೆಂಚಿನ ಮೇಲಿದ್ದವರೆಲ್ಲ ಮಾತು ನಿಲ್ಲಿಸಿದ್ದರು. ಕೊನೆಯ ಪುಟದಲ್ಲಿ ನಡತೆ ಎಂಬಲ್ಲಿ ‘ಆದರ್ಶಪ್ರಾಯ’ ಎಂದಿದೆ ಎಂದು ಹೇಳಿದಾಗ ಆಕೆ ಆ ಪುಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ. ಆಕೆಯ ಗಂಡ 1996ರ ಜನವರಿ 1ಕ್ಕಿಂತ ಮೊದಲೇ ನಿವೃತ್ತರಾದವರಾದ್ದರಿಂದ ಆರೋಗ್ಯ ಯೋಜನೆಗೆ ಹಣ ಕಟ್ಟುವ ಅಗತ್ಯವೂ ಇರಲಿಲ್ಲ. ಇಷ್ಟು ವರ್ಷ ಇಬ್ಬರೂ ಅದನ್ನು ತಿಳಿಯದೆ ಕೈಯಿಂದ ಖರ್ಚು ಮಾಡಿ ಸಕ್ಕರೆ ಕಾಯಿಲೆಯ ಮಾತ್ರೆ ಕೊಂಡಿದ್ದರು. ಆ ಅರ್ಜಿಯೂ ಅಂದೇ ಸಿದ್ಧವಾಯಿತು. ಹೆಸರು ಸರಿಹೋಗಿ ಕುಟುಂಬ ಪಿಂಚಣಿ ಬರಲು ಮತ್ತೆ ನಾಲ್ಕು ತಿಂಗಳು ಹಿಡಿದರೂ, ಬಂತು. ಈ ಇಡೀ ಕೆಲಸಕ್ಕೆ ಆಕೆಯಿಂದ ಪಡೆದದ್ದು ಜೆರಾಕ್ಸಿನ ಹಣ ಮಾತ್ರ. ವಿಧವೆಯರಿಂದ ಸೇವಾ ಶುಲ್ಕ ಪಡೆಯುವುದಿಲ್ಲ ಎಂಬುದು ಆ ಕೊಠಡಿಯ ನಿಯಮ.

ಇನ್ನು ಕೊರತೆಗಳು. ಮೊದಲನೆಯದು ಮೆಟ್ಟಿಲು. ಕಿರಿದಾದ, ಕಡಿದಾದ ಹತ್ತೊಂಬತ್ತು ಮೆಟ್ಟಿಲುಗಳಿವೆ, ಹಿಡಿಕೆ ಒಂದೇ ಬದಿಗೆ. ಅಲ್ಲಿಗೆ ಬರುವವರಲ್ಲಿ ಮಂಡಿ ಸವೆದ ಮುದುಕರಿದ್ದಾರೆ, ಸೇವೆಯಲ್ಲಿ ಕಾಲು ಕಳೆದುಕೊಂಡ ಒಬ್ಬರನ್ನೂ ನಾನು ಕಂಡಿದ್ದೇನೆ. ಕೆಳಗಿನ ಕಂಬದ ಮೇಲೆ ಒಂದು ಕರೆಗಂಟೆ ಇದೆ, ಒತ್ತಿದರೆ ಸುಬೇದಾರರು ತಾವೇ ಇಳಿದು ಬರುತ್ತಾರೆ ಎಂಬುದು ನಿಜ. ಆದರೆ ಹಾಗೆಂದು ಎಲ್ಲೂ ಬರೆದಿಲ್ಲ, ಮತ್ತು ಕರೆಗಂಟೆ ಒತ್ತುವುದು ತನ್ನ ಮರ್ಯಾದೆಗೆ ಕುಂದು ಎಂದು ಭಾವಿಸುವ ಸ್ವಭಾವ ಈ ಜನರದ್ದು. ಅಂಗವೈಕಲ್ಯ ಪಿಂಚಣಿಯ ಕಾಗದ ಹಿಡಿದು ಆ ಹಿರಿಯರು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದದ್ದನ್ನು ನೋಡಿದ ಮೇಲೆ, ಈ ಕೊಠಡಿ ಕೆಳಗಿಳಿಯಲೇಬೇಕು ಎಂದು ನಾನು ಅವರಿಗೇ ಹೇಳಿದ್ದೇನೆ. ಬಾಡಿಗೆ ಹೆಚ್ಚಾಗುತ್ತದೆ ಎಂಬ ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ.

ಎರಡನೆಯದು ಇದಕ್ಕಿಂತ ಗಂಭೀರ. ಜೆರಾಕ್ಸ್ ಯಂತ್ರದ ಪಕ್ಕದ ಕಸದ ಬುಟ್ಟಿಯಲ್ಲಿ ಕೆಟ್ಟ ಪ್ರತಿಗಳು ಹಾಗೆಯೇ ಬಿದ್ದಿರುತ್ತಿದ್ದವು: ಆಧಾರ್ ಸಂಖ್ಯೆ, ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವೂ ಕಾಣುವಂತೆ. ಪಿಂಚಣಿ ಕಚೇರಿಯಿಂದ ಮಾತಾಡುತ್ತಿದ್ದೇವೆಂದು ಫೋನ್ ಮಾಡಿ ಓ.ಟಿ.ಪಿ. ಕೇಳಿ ಹಣ ದೋಚುವವರಿಗೆ ಬೇಕಾಗಿರುವುದು ಇಂಥ ವಿವರಗಳೇ. ನಾನು ಎರಡನೆಯ ಭೇಟಿಯಲ್ಲಿ ಇದನ್ನು ಹೇಳಿದಾಗ ಸುಬೇದಾರರ ಮನೆಯವರು ಸಂಕೋಚಪಟ್ಟು, ಇನ್ನು ಮೇಲೆ ಹರಿದು ಹಾಕುತ್ತೇವೆಂದರು. ನಾಲ್ಕನೆಯ ಭೇಟಿಯಲ್ಲಿಯೂ ಎರಡು ಹಾಳೆ ಇಡಿಯಾಗಿಯೇ ಬಿದ್ದಿದ್ದವು. ಅಲ್ಲಿಗೆ ಹೋಗುವವರು ತಮ್ಮ ಕೆಟ್ಟ ಪ್ರತಿಗಳನ್ನು ತಾವೇ ಕೇಳಿ ಪಡೆದು ಮನೆಗೆ ತರಬೇಕು.

ಮೂರನೆಯ ವಿಷಯದಲ್ಲಿ ನನಗೂ ಸುಬೇದಾರರಿಗೂ ಅಭಿಪ್ರಾಯಭೇದವಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪಿಂಚಣಿಯ ಕಾಗದದಲ್ಲಿ ಇಷ್ಟು ಸೂಕ್ಷ್ಮವಾಗಿರುವ ಅವರು, ಮುಂದಿನ ಉದ್ಯೋಗದ ಮಾತು ಬಂದ ಕೂಡಲೇ ಬಂದವರಿಗೆಲ್ಲ ಒಂದೇ ದಾರಿ ತೋರಿಸುತ್ತಾರೆ: ಬ್ಯಾಂಕಿನ ಕಾವಲು ಅಥವಾ ಕಾರ್ಖಾನೆಯ ಭದ್ರತೆ. ಅದು ಮರ್ಯಾದೆಯ ಕೆಲಸವೇ, ನೂರಾರು ಮನೆಗಳನ್ನು ಅದು ನಡೆಸುತ್ತಿದೆ. ಆದರೆ ಅಣ್ಣನ ಕೈಯಲ್ಲಿ ಹದಿನೇಳು ವರ್ಷದ ಭಾರೀ ಯಂತ್ರಗಳ ವಿದ್ಯೆಯಿತ್ತು. ಹಿಮದಲ್ಲಿ ಡೋಜರ್ ನಡೆಸಿದವನಿಗೆ, ರಾತ್ರೋರಾತ್ರಿ ಸೇತುವೆ ಜೋಡಿಸಿದವನಿಗೆ, ಬಂದೂಕು ಹಿಡಿದು ಬಾಗಿಲಲ್ಲಿ ಕೂರುವುದೊಂದೇ ದಾರಿಯೆಂದರೆ ಅವನ ಅರ್ಧ ಬದುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಆಗುತ್ತದೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇಕಡ 10 ಮೀಸಲಿದೆ. ಸೇವೆ ಸಲ್ಲಿಸಿದ ವರ್ಷಗಳ ಜೊತೆಗೆ ಇನ್ನೂ ಮೂರು ವರ್ಷ ಸೇರಿಸಿ ವಯಸ್ಸಿನ ಸಡಿಲಿಕೆ ಸಿಗುತ್ತದೆ. ಹತ್ತನೆಯ ತರಗತಿ ಪಾಸಾಗಿ 15 ವರ್ಷ ಸೇವೆ ಮಾಡಿದವರು ಕೇಂದ್ರದ ‘ಸಿ’ ಗುಂಪಿನ ಹುದ್ದೆಗಳಲ್ಲಿ, ಪದವಿ ಕೇಳುವ ಕಡೆಯೂ, ನಿಯಮದಂತೆ ಅರ್ಜಿ ಹಾಕಬಹುದು. ಈ ಮಾತುಗಳು ಆ ಕೊಠಡಿಯಲ್ಲಿ ಕೇಳಿದವರಿಗೆ ಮಾತ್ರ ಸಿಗುತ್ತವೆ, ಕೇಳದವರಿಗೆ ಸಿಗುವುದಿಲ್ಲ. ಕೇಳಬೇಕೆಂದು ಗೊತ್ತಿದ್ದರೆ ಅವರೇಕೆ ಅಲ್ಲಿಗೆ ಬರುತ್ತಿದ್ದರು? ಅಣ್ಣ ಕೊನೆಗೆ ನಮ್ಮದೇ ಹಟದಿಂದ ಒಂದು ಹಳೆಯ ಜೆ.ಸಿ.ಬಿ. ಕೊಂಡು, ಈಗ ಗುಬ್ಬಿ, ತುರುವೇಕೆರೆ ಕಡೆಗಳಲ್ಲಿ ಕೆರೆಯ ಹೂಳು, ಕೃಷಿಹೊಂಡಗಳ ಕೆಲಸ ಮಾಡುತ್ತಿದ್ದಾನೆ. ಇದನ್ನು ಸುಬೇದಾರರಿಗೆ ಹೇಳಿದಾಗ ಅವರು ಸುಮ್ಮನಿದ್ದು, ತಮ್ಮ ದೊಡ್ಡ ರಿಜಿಸ್ಟರಿನಲ್ಲಿ ಅಣ್ಣನ ಹೆಸರಿನ ಮುಂದೆ ಅದನ್ನು ಬರೆದುಕೊಂಡರು.

ಆ ರಿಜಿಸ್ಟರಿನ ಬಗ್ಗೆ ಹೇಳಲೇಬೇಕು. ಬಂದವರ ಹೆಸರು, ಊರು, ಜೀವ ಪ್ರಮಾಣಪತ್ರದ ಗಡುವಿನ ತಿಂಗಳು, ಮಕ್ಕಳ ತರಗತಿ ಎಲ್ಲವೂ ಕೈಬರಹದಲ್ಲಿ ಅದರಲ್ಲಿವೆ. ಗಡುವಿಗೆ ಮೊದಲು ಅವರೇ ಫೋನ್ ಮಾಡುತ್ತಾರೆ. ಮಕ್ಕಳು ಪಿ.ಯು.ಸಿ. ಮುಗಿಸುವ ವರ್ಷ ಪ್ರಧಾನಮಂತ್ರಿ ವಿದ್ಯಾರ್ಥಿವೇತನದ ಅರ್ಜಿಯನ್ನು ನೆನಪಿಸುತ್ತಾರೆ. ವೃತ್ತಿಪರ ಕೋರ್ಸು ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿಯಂತೆ ಅದು ಸಿಗುತ್ತದೆ. ಪಿಂಚಣಿಯೇ ಇಲ್ಲದ ಮುದುಕರ ಹೆಸರುಗಳ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಪಿಂಚಣಿಗೆ ಬೇಕಾದ ಸೇವಾವಧಿ ತುಂಬದೆ ಮನೆಗೆ ಬಂದ, 65 ದಾಟಿದ, ಹವಾಲ್ದಾರ್‌ವರೆಗಿನ ಹುದ್ದೆಯ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ನೆರವು ಮೊದಲು ತಿಂಗಳಿಗೆ 4,000 ಇದ್ದದ್ದು, 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 8,000 ರೂಪಾಯಿಯಾಗಿದೆ. ನಮ್ಮೂರಿನ ಒಬ್ಬ ಅಜ್ಜನನ್ನು ನಾನು ಆರನೆಯ ಸಲ ಕರೆದೊಯ್ದದ್ದು ಈ ಅರ್ಜಿಗಾಗಿ. ರಾಗಿ ಹೊಲದ ಕಾವಲಿಗೆ ಇಂದಿಗೂ ಹೋಗುವ ಅವರಿಗೆ, ತಾನೂ ಸೈನಿಕನೆಂದು ಯಾರೋ ಲೆಕ್ಕಕ್ಕೆ ಹಿಡಿದಿದ್ದಾರೆಂಬುದೇ ಹೊಸ ಸಂಗತಿ.

ಈ ರಿಜಿಸ್ಟರಿನ ಕೊನೆಯಲ್ಲಿ ಸುಬೇದಾರರು ಕೆಲವು ಪುಟಗಳನ್ನು ಖಾಲಿ ಬಿಟ್ಟು, ಮೇಲೆ ಅಗ್ನಿವೀರ ಎಂದು ಬರೆದಿದ್ದಾರೆ. 2022ರ ಜೂನ್ 14ರಂದು ಘೋಷಣೆಯಾದ, ನಾಲ್ಕು ವರ್ಷದ ಸೇವೆಯ ಅಗ್ನಿಪಥ ಯೋಜನೆಯಲ್ಲಿ ಸೇರಿದ ಮೊದಲ ತಂಡದ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಯ ಹೊತ್ತಿಗೆ. ಅವರಲ್ಲಿ ಶೇಕಡ 25ರಷ್ಟು ಮಂದಿಯನ್ನು ಮಾತ್ರ ಸೈನ್ಯ ಉಳಿಸಿಕೊಳ್ಳುವ ಅವಕಾಶವಿದೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯೊಂದಿಗೆ, ಪಿಂಚಣಿಯಿಲ್ಲದೆ, ಇ.ಸಿ.ಎಚ್.ಎಸ್. ಇಲ್ಲದೆ ಊರಿಗೆ ಬರುತ್ತಾರೆ. ಇಪ್ಪತ್ತೆರಡು, ಇಪ್ಪತ್ತಮೂರರ ಆ ಹುಡುಗರಿಗೆ ಪಿಂಚಣಿಯ ಕಾಗದವೇ ಇರುವುದಿಲ್ಲವಾದ್ದರಿಂದ, ಉದ್ಯೋಗದ ಬಗ್ಗೆ ಈ ಕೊಠಡಿ ತನ್ನ ಸಲಹೆಯನ್ನು ವಿಸ್ತರಿಸಿಕೊಳ್ಳದಿದ್ದರೆ ಅವರಿಗೆ ಇಲ್ಲಿ ಹೆಚ್ಚೇನೂ ಸಿಗಲಾರದು. ಈ ಮಾತನ್ನು ಅವರು ಒಪ್ಪಿದ್ದಾರೆ.

ಬೆಂಚಿನ ಬಗ್ಗೆಯೂ ಒಂದು ಮಾತು. ಗೋಡೆಗೆ ಸೇರಿಸಿ ಹಾಕಿದ ಆ ಮರದ ಬೆಂಚಿನ ಮೇಲೆ ಏನೂ ಕೆಲಸವಿಲ್ಲದೆಯೂ ಕೆಲವರು ಬಂದು ಕೂರುತ್ತಾರೆ. ಬಂದ ಹೊಸತರಲ್ಲಿ ಅಣ್ಣ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಅಂಗಳದಲ್ಲಿ ಶತಪಥ ಹಾಕುತ್ತಿದ್ದ, ಮದುವೆ ಮನೆಯಲ್ಲಿ ಬಾಗಿಲು ಕಾಣುವ ಕಡೆಯೇ ಕೂರುತ್ತಿದ್ದ, ಹಬ್ಬದ ಪಟಾಕಿಗೆ ಒಳಗೆ ಹೋಗಿಬಿಡುತ್ತಿದ್ದ. ನಮಗೆ ಅದು ಸಿಡುಕೆಂದು ಕಾಣುತ್ತಿತ್ತು. ಬೆಂಚಿನ ಮೇಲಿದ್ದವರಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ. ಗೋಡೆಯ ಮೇಲೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೈಯಲ್ಲಿ ಬರೆದು ಅಂಟಿಸಿದ್ದಾರೆ. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಅಣ್ಣ ಅದಕ್ಕೆ ಕರೆ ಮಾಡಿದನೋ ಇಲ್ಲವೋ ನಾನು ಕೇಳಿಲ್ಲ. ತಿಂಗಳಿಗೊಮ್ಮೆ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬರುತ್ತೇನೆಂದು ಹೇಳಿ ಹೊರಟು, ಆ ಬೆಂಚಿನ ಮೇಲೆ ಎರಡು ಗಂಟೆ ಕೂತು ಬರುತ್ತಾನೆ. ಆ ರಾತ್ರಿಗಳಲ್ಲಿ ಅವನು ಚೆನ್ನಾಗಿ ನಿದ್ದೆ ಮಾಡುತ್ತಾನೆಂದು ಅತ್ತಿಗೆ ಹೇಳುತ್ತಾರೆ.

ಹೋಗುವವರಿಗೆ ತಿಳಿದಿರಬೇಕಾದ ವಿವರಗಳಿಷ್ಟು. ಬೆಳಗ್ಗೆ ಹತ್ತರಿಂದ ಒಂದೂವರೆ, ಸಂಜೆ ನಾಲ್ಕರಿಂದ ಏಳು. ಭಾನುವಾರ ರಜೆ, ಕೂಲಿ ಬಿಟ್ಟು ಬರಲಾಗದ ಹಳ್ಳಿಯವರಿಗೆ ಇದು ತೊಂದರೆಯೇ. ನವೆಂಬರ್ ತಿಂಗಳಲ್ಲಿ ಜನ ಬಹಳ, ಟೋಕನ್ ಪದ್ಧತಿಯಿಲ್ಲ, ಆದ್ದರಿಂದ ಬೆಳಗಿನ ಮೊದಲ ಬಸ್ಸಿಗೆ ಬರುವುದು ಒಳ್ಳೆಯದು. ಜೀವ ಪ್ರಮಾಣಪತ್ರಕ್ಕೆ 50 ರೂಪಾಯಿ, ದೊಡ್ಡ ಅರ್ಜಿಗಳಿಗೆ 200 ರೂಪಾಯಿ ಪಡೆಯುತ್ತಾರೆ, ಕೇಳಿದರೆ ಚೀಟಿ ಕೊಡುತ್ತಾರೆ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಗಂಡ ಹೆಂಡತಿ ಇಬ್ಬರ ಆಧಾರ್, ಪಾಸ್‌ಬುಕ್, ಆಧಾರ್‌ಗೆ ಜೋಡಿಸಿದ ಮೊಬೈಲ್, ಇಷ್ಟು ಇರಲಿ. ಗಂಡ ಬದುಕಿರುವಾಗಲೇ ಹೆಂಡತಿಯ ಹೆಸರು ಎರಡೂ ಕಡೆ ಒಂದೇ ಆಗಿದೆಯೇ ಎಂದು ನೋಡಿಸಿಕೊಳ್ಳಲು ಮೊದಲ ಭೇಟಿಯಲ್ಲಿಯೇ ಹೇಳಿ. ಅದನ್ನು ಸುಬೇದಾರರು ಶುಲ್ಕವಿಲ್ಲದೆ ನೋಡಿಕೊಡುತ್ತಾರೆ, ಅರ್ಧ ಗಂಟೆಯ ಕೆಲಸ. ಮೆಟ್ಟಿಲು ಹತ್ತಲಾಗದವರು ಎಡಗಡೆಯ ಕಂಬದ ಮೇಲಿರುವ ಕರೆಗಂಟೆಯನ್ನು ಸಂಕೋಚವಿಲ್ಲದೆ ಒತ್ತಬಹುದು, ಅವರು ರಿಜಿಸ್ಟರ್ ಹಿಡಿದುಕೊಂಡೇ ಕೆಳಗೆ ಬರುತ್ತಾರೆ.